ನೀರಿನ ಬೈಕ್, ಇಂಧನವಿಲ್ಲದ ಜನರೇಟರ್: ನಂಬುವ ಮೊದಲು ಪರೀಕ್ಷಿಸುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಪೆಟ್ರೋಲ್ ಬದಲು ನೀರು ಹಾಕಿ ಬೈಕ್ ಓಡಿಸುತ್ತೇನೆ ಅನ್ನುವವರು ಇದ್ದಾರೆ. ಒಮ್ಮೆ ತಿರುಗಿಸಿ ಬಿಟ್ಟರೆ ತಾನೇ ಕರೆಂಟ್ ಕೊಡುತ್ತಾ ಹೋಗುವ ಜನರೇಟರ್ ಕಟ್ಟಿದ್ದೇನೆ ಅನ್ನುವವರೂ ಇದ್ದಾರೆ. ಆ ವಿಡಿಯೊ ವಾಟ್ಸಾಪ್‌ನಲ್ಲಿ ನಿಮಗೂ ಬಂದಿರುತ್ತದೆ. ಅದನ್ನು ನೋಡಿದವರು ಎರಡು ಪಕ್ಷ ಆಗುತ್ತಾರೆ. ‘ಹಳ್ಳಿ ಪ್ರತಿಭೆಗೆ ಸರ್ಕಾರ ಬೆಲೆ ಕೊಡೋದಿಲ್ಲ’ ಎಂದು ಒಂದು ಪಕ್ಷ, ‘ಇದೆಲ್ಲ ಶುದ್ಧ ಮೋಸ’ ಎಂದು ಇನ್ನೊಂದು. ಇಬ್ಬರೂ ಯಂತ್ರದ ಹತ್ತಿರ ಹೋಗಿ ಏನನ್ನೂ ಅಳೆದಿರುವುದಿಲ್ಲ.

ಅಳೆಯುವುದು ಹೇಗೆ ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಯಂತ್ರಕ್ಕೆ ದುಡ್ಡು ಹಾಕಿ ಎಂದು ನಿಮ್ಮನ್ನು ಯಾರಾದರೂ ಕೇಳಿರಬಹುದು. ನೀವು ಪತ್ರಿಕೆಗೆ ವರದಿ ಮಾಡುವವರಿರಬಹುದು. ಕಾಲೇಜಿನಲ್ಲಿ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಷ್ಟ್ರಿರಬಹುದು. ಅಥವಾ ಆ ಯಂತ್ರ ಕಟ್ಟಿದವರೇ ನೀವಿರಬಹುದು. ಎಲ್ಲರಿಗೂ ದಾರಿ ಒಂದೇ. ಥಿಯರಿ ಬಗ್ಗೆ ಜಗಳ ಬೇಡ. ಶಕ್ತಿಯ ಜಮಾ-ಖರ್ಚು ಕೇಳಿ. ಒಳಗೆ ಎಷ್ಟು ಹೋಯಿತು, ಹೊರಗೆ ಎಷ್ಟು ಬಂತು, ಎಷ್ಟು ಹೊತ್ತು ಬಂತು, ಅಳೆದವರು ಯಾರು?

ಯಂತ್ರ ಕಟ್ಟಿದವರನ್ನು ದಯವಿಟ್ಟು ಹೀಯಾಳಿಸಬೇಡಿ. ತಾನೇ ತಿರುಗುವ ಚಕ್ರದ ಆಸೆ ಬಹಳ ಹಳೆಯದು. 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರಂಥ ಗಣಿತಜ್ಞರೇ ಟೊಳ್ಳು ಅರೆಗಳಲ್ಲಿ ಪಾದರಸ ತುಂಬಿದ ಅಂಥದ್ದೊಂದು ಚಕ್ರವನ್ನು ವರ್ಣಿಸಿದ್ದಾರೆ. ಶಕ್ತಿಯನ್ನು ಹೊಸದಾಗಿ ಹುಟ್ಟಿಸಲೂ ಆಗದು, ಇಲ್ಲವಾಗಿಸಲೂ ಆಗದು ಅನ್ನುವ ಶಕ್ತಿ ಸಂರಕ್ಷಣೆಯ ನಿಯಮ ಗಟ್ಟಿಯಾಗಿ ನೆಲೆ ನಿಂತದ್ದು 19ನೇ ಶತಮಾನದಲ್ಲಿ. ಈಗಲೂ ಇದರ ಹಿಂದೆ ಬಿದ್ದವರಲ್ಲಿ ಎಷ್ಟೋ ಜನ ನಿಜವಾಗಿ ಕೈಚಳಕ ಇರುವವರು. ಲೇತ್ ಗೊತ್ತು, ವೈಂಡಿಂಗ್ ಗೊತ್ತು. ಅಂಥವರ ಹತ್ತು ವರ್ಷ ಆಗದ ಕೆಲಸದಲ್ಲಿ ಕಳೆದುಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಹಂತ 1: ಹೇಳಿಕೆಯನ್ನು ಅಂಕಿ ಸಮೇತ ಒಂದು ವಾಕ್ಯದಲ್ಲಿ ಬರೆಸಿಕೊಳ್ಳಿ

‘ಭಾರಿ ಪವರ್ ಕೊಡುತ್ತೆ’ ಅನ್ನುವ ಮಾತನ್ನು ಪರೀಕ್ಷಿಸಲು ಆಗುವುದಿಲ್ಲ. ‘ಹೊರಗಿನಿಂದ ಏನೂ ಕೊಡದೆ 500 ವ್ಯಾಟ್ ಲೋಡನ್ನು 48 ಗಂಟೆ ನಡೆಸುತ್ತದೆ’ ಅಂದರೆ ಪರೀಕ್ಷಿಸಬಹುದು. ವೋಲ್ಟ್, ವ್ಯಾಟ್, ಯೂನಿಟ್ ಮೂರನ್ನೂ ಬೇರೆ ಬೇರೆ ಕೇಳಿ. ಯಂತ್ರ 1000 ವೋಲ್ಟ್ ತೋರಿಸುತ್ತದೆ ಅಂದರೆ ಶಕ್ತಿ ಇದೆ ಎಂದಲ್ಲ. ಚಳಿಗಾಲದಲ್ಲಿ ಸ್ವೆಟರ್ ತೆಗೆಯುವಾಗ ಚಟಪಟ ಅನ್ನುವುದು ಸಾವಿರಾರು ವೋಲ್ಟ್, ಅದರಿಂದ ಬಲ್ಬು ಉರಿಯುವುದಿಲ್ಲ. ವ್ಯಾಟ್ ಅನ್ನುವುದು ಆ ಕ್ಷಣದಲ್ಲಿ ಶಕ್ತಿ ಹರಿಯುವ ವೇಗ. ಆ ವೇಗದಲ್ಲಿ ಎಷ್ಟು ಹೊತ್ತು ನಡೆಯಿತು ಅನ್ನುವ ಲೆಕ್ಕ ಯೂನಿಟ್. 1000 ವ್ಯಾಟ್ ಒಂದು ಗಂಟೆ ನಡೆದರೆ ಒಂದು ಯೂನಿಟ್.

ಬರೆದುಕೊಡಲು ಒಪ್ಪದಿದ್ದರೆ ಅದನ್ನೂ ನಿಮ್ಮ ಪುಸ್ತಕದಲ್ಲಿ ಗುರುತು ಹಾಕಿಕೊಳ್ಳಿ.

ಹಂತ 2: ಯಂತ್ರದ ಸುತ್ತ ಗೆರೆ ಎಳೆಯಿರಿ

ಕಾಗದದ ಮೇಲೆ ಯಂತ್ರದ ಚಿತ್ರ ಬರೆದು ಸುತ್ತ ಒಂದು ಗೆರೆ ಎಳೆಯಿರಿ. ಆ ಗೆರೆಯನ್ನು ದಾಟಿ ಒಳಗೆ ಬರುವ ಪ್ರತಿಯೊಂದನ್ನೂ ಪಟ್ಟಿ ಮಾಡಿ. ವೈರು, ಪೈಪು, ಬೆಲ್ಟು, ಗಾಳಿ, ಬಿಸಿಲು, ನೀರು, ಪುಡಿ, ಕೈಯಿಂದ ಕೊಟ್ಟ ತಳ್ಳು, ಅರ್ತಿಂಗ್ ವೈರ್ ಕೂಡ.

ಈ ಗೆರೆ ಇಲ್ಲದಿದ್ದರೆ ನಿಜವಾದ ಯಂತ್ರವೇ ಪವಾಡದಂತೆ ಕಾಣಬಹುದು. ದೊಡ್ಡ ಹೋಟೆಲುಗಳಲ್ಲಿ ನೀರು ಕಾಯಿಸುವ ಹೀಟ್ ಪಂಪ್ ಇರುತ್ತದೆ. ಒಂದು ಯೂನಿಟ್ ಕರೆಂಟ್ ತಿಂದು ಮೂರು ಯೂನಿಟ್‌ನಷ್ಟು ಶಾಖವನ್ನು ನೀರಿಗೆ ಕೊಡುತ್ತದೆ. ಮೋಸ ಏನೂ ಇಲ್ಲ. ಉಳಿದ ಎರಡು ಯೂನಿಟ್ ಹೊರಗಿನ ಗಾಳಿಯಿಂದ ಬಂದದ್ದು. ಗಾಳಿಯನ್ನೂ ಪಟ್ಟಿಗೆ ಸೇರಿಸಿದರೆ ಜಮಾ-ಖರ್ಚು ಸರಿಹೋಗುತ್ತದೆ. ಹಾಗಾಗಿ ‘ಹಾಕಿದ್ದಕ್ಕಿಂತ ಜಾಸ್ತಿ ಬಂತು’ ಅಂದ ಕೂಡಲೇ ಸುಳ್ಳು ಎಂದು ಎದ್ದು ಹೋಗಬೇಡಿ. ಆ ಜಾಸ್ತಿ ಎಲ್ಲಿಂದ ಬಂತು ಎಂದು ಕೇಳಿ.

ಹಂತ 3: ನೀರಿನ ಲೆಕ್ಕವನ್ನು ಒಮ್ಮೆ ನೀವೇ ಮಾಡಿ

ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವುದು ನೀರಿನ ಗಾಡಿ. ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ನೀರು ಅಂದರೆ ಆಗಲೇ ಉರಿದು ಮುಗಿದ ಹೈಡ್ರೋಜನ್. ಹೈಡ್ರೋಜನ್ ಆಮ್ಲಜನಕದ ಜೊತೆ ಸೇರಿದಾಗ ಶಾಖ ಹೊರಗೆ ಬಂದು ನೀರು ಉಳಿಯುತ್ತದೆ. ಅದನ್ನು ಮತ್ತೆ ಒಡೆಯಬೇಕಾದರೆ ಬಂದಷ್ಟೂ ಶಕ್ತಿಯನ್ನು ವಾಪಸ್ ಕೊಡಬೇಕು. ಒಂದು ಕಿಲೋ ಹೈಡ್ರೋಜನ್ ತೆಗೆಯಲು 9 ಕಿಲೋ ನೀರು ಬೇಕು. ಏನೂ ಪೋಲಾಗದಿದ್ದರೂ 39 ಯೂನಿಟ್‌ಗಿಂತ ಜಾಸ್ತಿ ಶಕ್ತಿ ಬೇಕು. ಕಾರ್ಖಾನೆಯ ಒಳ್ಳೆಯ ಯಂತ್ರಗಳಲ್ಲೂ 50 ಯೂನಿಟ್ ಆಸುಪಾಸು ಹಿಡಿಯುತ್ತದೆ. ಆ ಒಂದು ಕಿಲೋವನ್ನು ಎಂಜಿನ್‌ನಲ್ಲಿ ಉರಿಸಿದರೆ ಸಿಗುವ ಶಾಖ ಸುಮಾರು 33 ಯೂನಿಟ್, ಉಳಿದದ್ದು ಹಬೆಯ ಜೊತೆ ಹೊರಗೆ ಹೋಗುತ್ತದೆ. ಎಂಜಿನ್ ಅದರಲ್ಲಿ 30 ಶೇಕಡಾ ಮಾತ್ರ ಚಕ್ರ ತಿರುಗಿಸಲು ಕೊಡುತ್ತದೆ ಅಂದುಕೊಳ್ಳಿ, ಅಂದರೆ 10 ಯೂನಿಟ್. ಅದರಿಂದ ಆಲ್ಟರ್ನೇಟರ್ ತಿರುಗಿಸಿ ಕರೆಂಟ್ ಮಾಡಿದರೆ 6 ಯೂನಿಟ್ ಕೈಗೆ ಬಂದೀತು. 50 ಹಾಕಿ 6 ತೆಗೆದೆವು. ಇನ್ನು ಗಾಡಿ ಓಡಿಸುವುದು ಯಾವುದರಿಂದ?

‘ನಮ್ಮದು ಪೂರ್ತಿ ನೀರಲ್ಲ, ನೀರು ಒಡೆದು ತೆಗೆದ ಗ್ಯಾಸನ್ನು ಪೆಟ್ರೋಲ್ ಜೊತೆಗೆ ಸೇರಿಸಿ ಮೈಲೇಜ್ ಹೆಚ್ಚಿಸುವ ಕಿಟ್’ ಅನ್ನುವವರೂ ಬರುತ್ತಾರೆ. ಅದಕ್ಕೂ ಲೆಕ್ಕ ಇದೆ. ಕಿಟ್ 12 ವೋಲ್ಟ್‌ನಲ್ಲಿ 20 ಆಂಪಿಯರ್ ಎಳೆದರೆ 240 ವ್ಯಾಟ್. ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು 60ರ ವೇಗದಲ್ಲಿ ಗಂಟೆಗೆ 4 ಲೀಟರ್ ಕುಡಿಯುತ್ತದೆ. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಾಖ ಇದೆ. ಅಂದರೆ ಎಂಜಿನ್‌ಗೆ ಹೋಗುತ್ತಿರುವುದು 36,000 ವ್ಯಾಟ್. ಕಿಟ್‌ನ ಗ್ಯಾಸ್ ಅದರಲ್ಲಿ ಒಂದು ಶೇಕಡಾ ಕೂಡ ಆಗುವುದಿಲ್ಲ. ಇಷ್ಟಕ್ಕೂ ಆ 240 ವ್ಯಾಟ್ ಸುಮ್ನೆ ಬಂದದ್ದಲ್ಲ. ಅದನ್ನು ಆಲ್ಟರ್ನೇಟರ್‌ನಿಂದ ತೆಗೆಯಲು ಎಂಜಿನ್ 1,300 ವ್ಯಾಟ್‌ನಷ್ಟು ಪೆಟ್ರೋಲ್ ಹೆಚ್ಚಾಗಿ ಸುಡಬೇಕು.

ನೀರಿನ ಜೊತೆ ಬೇರೆ ಏನಾದರೂ ಹಾಕುತ್ತಾರಾ ಎಂದು ಕಣ್ಣಿಟ್ಟು ನೋಡಿ. ವೆಲ್ಡಿಂಗ್ ಶಾಪ್‌ಗಳಿಗೆ ಗೊತ್ತಿರುವ ಕಾರ್ಬೈಡ್ ಕಲ್ಲಿಗೆ ನೀರು ಬಿದ್ದರೆ ಅಸಿಟಲೀನ್ ಗ್ಯಾಸ್ ಬರುತ್ತದೆ. ಅದರಿಂದ ಎಂಜಿನ್ ನಿಜವಾಗಿಯೂ ಓಡುತ್ತದೆ. ಅಲ್ಯೂಮಿನಿಯಂ ಪುಡಿಗೆ ಕಾಸ್ಟಿಕ್ ಸೋಡಾ ಮತ್ತು ನೀರು ಸೇರಿಸಿದರೆ ಹೈಡ್ರೋಜನ್ ಬರುತ್ತದೆ. ಆಗ ಇಂಧನ ಆ ಕಲ್ಲು, ಆ ಪುಡಿ. ಅದನ್ನು ಮಾಡಲು ಕಾರ್ಖಾನೆಯಲ್ಲಿ ಸುರಿದ ಕರೆಂಟೇ ಇಲ್ಲಿ ವಾಪಸ್ ಬರುತ್ತಿದೆ. ‘ನೀರು ಬಿಟ್ಟು ಇನ್ನೇನನ್ನು ಮತ್ತೆ ತುಂಬಬೇಕು?’ ಈ ಒಂದು ಪ್ರಶ್ನೆಯನ್ನು ಮರೆಯದೆ ಕೇಳಿ.

ಹಂತ 4: ಎಷ್ಟು ಹೊತ್ತು ಓಡಿದರೆ ನಂಬಬಹುದು ಎಂದು ಮೊದಲೇ ಲೆಕ್ಕ ಹಾಕಿ

ಮೋಟಾರಿನಿಂದ ಫ್ಲೈವೀಲ್ ಅನ್ನುವ ಭಾರದ ಗಾಲಿ, ಫ್ಲೈವೀಲ್‌ನಿಂದ ಡೈನಮೊ, ಡೈನಮೊದಿಂದ ಮತ್ತೆ ಮೋಟಾರಿಗೆ ವೈರ್. ಯೂಟ್ಯೂಬ್‌ನಲ್ಲಿ ಎಷ್ಟೋ ವಿಡಿಯೊಗಳಲ್ಲಿ ಇರುವುದು ಇದೇ ವ್ಯವಸ್ಥೆ. ಮೇನ್ಸ್ ಪ್ಲಗ್ ಕಿತ್ತ ಮೇಲೂ ಎಲ್‌ಇಡಿ ಬಲ್ಬು ಉರಿಯುತ್ತಲೇ ಇರುತ್ತದೆ. ಜನ ಚಪ್ಪಾಳೆ ತಟ್ಟುತ್ತಾರೆ.

ಲೆಕ್ಕ ನೋಡೋಣ. 50 ಕಿಲೋ ತೂಕದ, ಎರಡು ಅಡಿ ಅಗಲದ ಕಬ್ಬಿಣದ ಗಾಲಿ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದೆ. ಅದರೊಳಗೆ ಕೂಡಿಟ್ಟ ಶಕ್ತಿ ಸುಮಾರು 28,000 ಜೂಲ್ (ಒಂದು ವ್ಯಾಟ್ ಒಂದು ಸೆಕೆಂಡ್ ನಡೆದರೆ ಒಂದು ಜೂಲ್). 1000 ವ್ಯಾಟ್‌ನ ಹೀಟರ್ ಹಾಕಿದರೆ 28 ಸೆಕೆಂಡಿಗೆ ಗಾಲಿ ನಿಲ್ಲುತ್ತದೆ. ನೂರು ವ್ಯಾಟ್‌ನ ಹಳೇ ಬಲ್ಬು ಹಾಕಿದರೆ ಐದು ನಿಮಿಷ ಕೂಡ ಬರುವುದಿಲ್ಲ. ಆದರೆ 9 ವ್ಯಾಟ್‌ನ ಎಲ್‌ಇಡಿ ಹಾಕಿದರೆ? ಬೇರಿಂಗ್ ಉಜ್ಜುವಿಕೆ, ಗಾಳಿಯ ತಡೆ ಬಿಟ್ಟರೆ 50 ನಿಮಿಷ! ಹತ್ತು ನಿಮಿಷದ ವಿಡಿಯೊಗೆ ಧಾರಾಳವಾಗಿ ಸಾಕು. ಕಟ್ಟಿದವರಿಗೇ ಇದು ತಿಳಿಯದೆ ಹೋಗಬಹುದು. ಅವರು ಮೋಸ ಮಾಡುತ್ತಿಲ್ಲ, ಗಾಲಿ ಮೊದಲೇ ತಿಂದಿಟ್ಟುಕೊಂಡ ಕರೆಂಟನ್ನು ಈಗ ಕೊಡುತ್ತಿದೆ ಅಷ್ಟೆ.

ಬ್ಯಾಟರಿ ವಿಷಯ ಇನ್ನೂ ದೊಡ್ಡದು. ಕಂಪ್ಯೂಟರ್ ಯುಪಿಎಸ್‌ನಲ್ಲಿರುವ ಸಣ್ಣ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 84 ವ್ಯಾಟ್-ಅವರ್ ಇರುತ್ತದೆ. ಆ ಎಲ್‌ಇಡಿಯನ್ನು ಹೆಚ್ಚೂ ಕಡಿಮೆ ಇಡೀ ರಾತ್ರಿ ಉರಿಸುತ್ತದೆ. ಲಿಥಿಯಂ ಬ್ಯಾಟರಿ ಕಿಲೋಗೆ ಸುಮಾರು 200 ವ್ಯಾಟ್-ಅವರ್ ಹಿಡಿಯುತ್ತದೆ. ಯಂತ್ರದ ಪೆಟ್ಟಿಗೆ 10 ಕಿಲೋ ಇದ್ದರೆ ಒಳಗೆ ಎರಡು ಯೂನಿಟ್ ಅಡಗಿರಲು ಜಾಗ ಇದೆ ಅಂತಾಯಿತು. ಅಂದರೆ 100 ವ್ಯಾಟ್ ಲೋಡ್ 20 ಗಂಟೆ. ಅಂಥ ಪೆಟ್ಟಿಗೆಯನ್ನು ಎರಡು-ಮೂರು ದಿನ ಹಗಲು-ರಾತ್ರಿ ಓಡಿಸದೆ ಏನೂ ಗೊತ್ತಾಗುವುದಿಲ್ಲ.

ಪರೀಕ್ಷೆಗೆ ಮೊದಲು ಪೆಟ್ಟಿಗೆ ತೂಗಿ, ಕಿಲೋಗೆ 200ರಂತೆ ಗುಣಿಸಿ, ನಿಮ್ಮ ಲೋಡಿನಿಂದ ಭಾಗಿಸಿ. ಬಂದ ಗಂಟೆಗಳ ಮೂರರಷ್ಟು ಹೊತ್ತು ಪರೀಕ್ಷೆ ನಡೆಯಬೇಕು ಎಂದು ಮೊದಲೇ ಒಪ್ಪಂದ ಮಾಡಿಕೊಳ್ಳಿ. ಲೋಡ್ ಆಗಿ ಎಲ್‌ಇಡಿ ಬೇಡ. ನೀರು ಕಾಯಿಸುವ ಕಾಯಿಲ್ ಇಡಿ.

ಹಂತ 5: ಮೀಟರ್ ಏನನ್ನು ಅಳೆಯುತ್ತಿದೆ ಎಂದು ನೋಡಿ

ತಪ್ಪು ಅಳತೆ ಮೋಸಕ್ಕಿಂತ ಜಾಸ್ತಿ ಜನರನ್ನು ದಾರಿ ತಪ್ಪಿಸಿದೆ ಎಂದು ನನ್ನ ಅನಿಸಿಕೆ. ಅಗ್ಗದ ಕ್ಲಾಂಪ್ ಮೀಟರುಗಳು ಮನೆಯ ಕರೆಂಟಿನ ನಯವಾದ ಅಲೆಗೆ ಹೊಂದಿಸಿದವು. ಯಂತ್ರ ಕರೆಂಟನ್ನು ಕತ್ತರಿಸಿ ಕತ್ತರಿಸಿ ತುಣುಕಾಗಿ ಎಳೆಯುತ್ತಿದ್ದರೆ ಅವು ಏನೇನೋ ತೋರಿಸುತ್ತವೆ. ಅಂಥ ತುಣುಕು ಅಲೆಯನ್ನೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಬೇಕು. ವೋಲ್ಟನ್ನೂ ಆಂಪಿಯರನ್ನೂ ಬೇರೆ ಬೇರೆ ಓದಿ ಗುಣಿಸುವುದು ಎಸಿ ಕರೆಂಟಿನಲ್ಲಿ ಸಾಕಾಗುವುದಿಲ್ಲ, ಎರಡೂ ಒಂದೇ ಹೊತ್ತಿಗೆ ಏರಿಳಿಯದೆ ಇರಬಹುದು.

ಇದನ್ನು ಮನೆಯಲ್ಲೇ ನೋಡಬಹುದು. ಪ್ಲಗ್‌ಗೆ ಸಿಕ್ಕಿಸಿದರೆ ಬಿಲ್ ಇಳಿಯುತ್ತದೆ ಎಂದು ಮಾರುವ ‘ಪವರ್ ಸೇವರ್’ ಡಬ್ಬಿ ಇದೆಯಲ್ಲ, ಅದರೊಳಗೆ ಇರುವುದು ಸಾಮಾನ್ಯವಾಗಿ ಒಂದು ಕೆಪಾಸಿಟರ್. ಮಾರುವವರು ಮೋಟಾರ್ ಓಡಿಸಿ ಕ್ಲಾಂಪ್ ಮೀಟರ್ ಹಾಕಿ ಆಂಪಿಯರ್ ಇಳಿದದ್ದನ್ನು ತೋರಿಸುತ್ತಾರೆ. ಇಳಿಯುವುದು ನಿಜ. ಆದರೆ ಮನೆಯ ಬಿಲ್ ಬರುವುದು ಯೂನಿಟ್ ಮೇಲೆ, ಆ ಯೂನಿಟ್ ಹಾಗೇ ಇರುತ್ತದೆ. ನಿಮ್ಮ ಮನೆಯ ಎಲೆಕ್ಟ್ರಾನಿಕ್ ಮೀಟರಿನ ಮೇಲೆ ಕೆಂಪು ದೀಪ ಮಿನುಗುತ್ತಿರುತ್ತದೆ. ಒಂದು ಯೂನಿಟ್‌ಗೆ ಎಷ್ಟು ಮಿನುಗು ಎಂದು ಪಕ್ಕದಲ್ಲೇ ಬರೆದಿರುತ್ತಾರೆ, ಎಷ್ಟೋ ಕಡೆ 3200. ಉಳಿದದ್ದೆಲ್ಲ ಆಫ್ ಮಾಡಿ, 75 ವ್ಯಾಟ್‌ನ ನಾಲ್ಕು ಫ್ಯಾನ್ ಹಾಕಿ. ನಿಮಿಷಕ್ಕೆ 16ರಂತೆ ಹತ್ತು ನಿಮಿಷಕ್ಕೆ 160 ಮಿನುಗು ಬರಬೇಕು. ಈಗ ಡಬ್ಬಿ ಸಿಕ್ಕಿಸಿ ಮತ್ತೆ ಹತ್ತು ನಿಮಿಷ ಎಣಿಸಿ. ಫ್ಯಾನುಗಳ ವೇಗ ಬದಲಾಯಿಸಬೇಡಿ. ಪವರ್ ಫ್ಯಾಕ್ಟರ್ (ಎಳೆದ ಕರೆಂಟಿನಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) ಕಡಿಮೆ ಆದದ್ದಕ್ಕೆ ದಂಡ ಕಟ್ಟುವ ಕಾರ್ಖಾನೆಗಳಿಗೆ ಕೆಪಾಸಿಟರ್ ಉಪಯೋಗಕ್ಕೆ ಬರುತ್ತದೆ, ಅದು ಬೇರೆ ವಿಷಯ.

ಶಾಖದ ಅಳತೆಯಲ್ಲಿ ಇನ್ನೊಂದು ದೊಡ್ಡ ಗುಂಡಿ ಇದೆ. 2011ರಲ್ಲಿ ಇಟಲಿಯ ಆಂದ್ರೆಯಾ ರೊಸ್ಸಿ ಬೊಲೊನ್ಯಾದಲ್ಲಿ ಇ-ಕ್ಯಾಟ್ ಎಂಬ ಯಂತ್ರ ತೋರಿಸಿದರು. ನಿಕ್ಕಲ್ ಮತ್ತು ಹೈಡ್ರೋಜನ್‌ನಿಂದ ಹಾಕಿದ್ದಕ್ಕಿಂತ ಎಷ್ಟೋ ಪಟ್ಟು ಶಾಖ ಬರುತ್ತದೆ ಎಂದರು. ಒಳಗೆ ನೀರು ಹೋಗಿ ಹೊರಗೆ ಹಬೆ ಬರುತ್ತಿತ್ತು. ಹೋದ ನೀರೆಲ್ಲ ಹಬೆಯಾಯಿತು ಎಂದು ಲೆಕ್ಕ ಹಿಡಿದಿದ್ದರು. ಒಂದು ಕಿಲೋ ನೀರನ್ನು 25 ಡಿಗ್ರಿಯಿಂದ 100ಕ್ಕೆ ಏರಿಸಲು 314 ಕಿಲೋಜೂಲ್ ಸಾಕು. ಅದನ್ನು ಪೂರ್ತಿ ಹಬೆ ಮಾಡಲು ಇನ್ನೂ 2,257 ಬೇಕು. ಹಬೆಯ ಜೊತೆ ಕುದಿನೀರೂ ಹರಿದು ಹೋಗುತ್ತಿದ್ದರೆ ಲೆಕ್ಕ ಎಂಟು ಪಟ್ಟಿನವರೆಗೂ ಉಬ್ಬಬಹುದು. ಟೀಕಾಕಾರರು ಬೆರಳು ಮಾಡಿದ್ದು ಅಲ್ಲಿಗೇ. ಪೈಪಿನ ತುದಿಯನ್ನು ಅಳತೆಯ ತಣ್ಣೀರಿನ ಡ್ರಮ್ಮಿಗೆ ಬಿಟ್ಟು, ಆ ನೀರು ಎಷ್ಟು ಬಿಸಿಯಾಯಿತು ಎಂದು ನೋಡಿದರೆ ಈ ಗೊಂದಲವೇ ಇರುವುದಿಲ್ಲ.

ಹಂತ 6: ಸಾಮಾನು ನಿಮ್ಮದು, ಜಾಗ ನಿಮ್ಮದು

1996ರಲ್ಲಿ ತಮಿಳುನಾಡಿನ ರಾಮರ್ ಪಿಳ್ಳೈ ನೀರಿಗೆ ಗಿಡಮೂಲಿಕೆ ಹಾಕಿ ಕುದಿಸಿ ಪೆಟ್ರೋಲ್ ಮಾಡುತ್ತೇನೆ ಎಂದಾಗ ದೇಶವೇ ತಿರುಗಿ ನೋಡಿತು. ವಿಜ್ಞಾನಿಗಳ ಎದುರಿಗೇ ಪ್ರದರ್ಶನ ನಡೆಯಿತು. ದ್ರವ ನಿಜವಾಗಿ ಹೊತ್ತಿಕೊಂಡಿತು. ಕಲಕುವ ಕಡ್ಡಿ ಟೊಳ್ಳಾಗಿತ್ತು, ಒಳಗೆ ಇಂಧನ ತುಂಬಿ ತುದಿಯನ್ನು ಮೇಣದಿಂದ ಮುಚ್ಚಲಾಗಿತ್ತು ಎಂಬ ವಿವರಣೆ ಆಮೇಲೆ ಹೊರಬಂತು. ಬಿಸಿನೀರಿಗೆ ಮೇಣ ಕರಗಿದರೆ ಮುಗಿಯಿತು. ಐಐಟಿ ಮದ್ರಾಸಿನಲ್ಲಿ ಕಟ್ಟುನಿಟ್ಟಾಗಿ ಪರೀಕ್ಷಿಸಿದಾಗ ಪೆಟ್ರೋಲ್ ಹುಟ್ಟಲಿಲ್ಲ. ಆದರೂ ಮಾರಾಟ ನಡೆಯಿತು, ಸಿಬಿಐ ಕೇಸಾಯಿತು, 2016ರಲ್ಲಿ ಚೆನ್ನೈನ ನ್ಯಾಯಾಲಯ ಮೂರು ವರ್ಷ ಶಿಕ್ಷೆ ವಿಧಿಸಿತು. ಪಾತ್ರೆ, ನೀರು, ಕಡ್ಡಿ, ಒಲೆ ಎಲ್ಲವೂ ಮೊದಲ ದಿನವೇ ಲ್ಯಾಬಿನದ್ದಾಗಿದ್ದರೆ ಕಥೆ ಅಲ್ಲಿಗೇ ನಿಲ್ಲುತ್ತಿತ್ತು.

ಕಣ್ಣು ಎಲ್ಲಿಡಬೇಕು ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಅಮೆರಿಕದ್ದು. 1812ರಲ್ಲಿ ಫಿಲಡೆಲ್ಫಿಯಾದಲ್ಲಿ ಚಾರ್ಲ್ಸ್ ರೆಡ್‌ಹೆಫರ್ ತಾನೇ ತಿರುಗುವ ಯಂತ್ರವನ್ನು ಟಿಕೆಟ್ ಇಟ್ಟು ತೋರಿಸುತ್ತಿದ್ದ. ಯಂತ್ರದಿಂದ ಗೇರ್ ಮೂಲಕ ಇನ್ನೊಂದು ಸಾಧನ ತಿರುಗುತ್ತದೆ ಎಂದಿದ್ದ. ತಪಾಸಣೆಗೆ ಬಂದ ನೇಥನ್ ಸೆಲರ್ಸ್ ಜೊತೆ ಅವರ ಮಗನೂ ಬಂದಿದ್ದ. ಆ ಹುಡುಗ ಗೇರಿನ ಹಲ್ಲು ನೋಡಿದ. ಹಲ್ಲು ಸವೆದದ್ದು ತಪ್ಪು ಬದಿಯಲ್ಲಿ! ತಳ್ಳುವ ಗೇರು ಒಂದು ಕಡೆ ಸವೆಯುತ್ತದೆ, ತಳ್ಳಿಸಿಕೊಳ್ಳುವುದು ಇನ್ನೊಂದು ಕಡೆ. ಹೊರಗಿನ ಸಾಧನವೇ ಯಂತ್ರವನ್ನು ತಿರುಗಿಸುತ್ತಿತ್ತು. ಮರುವರ್ಷ ನ್ಯೂಯಾರ್ಕ್‌ನಲ್ಲಿ ಎಂಜಿನಿಯರ್ ರಾಬರ್ಟ್ ಫುಲ್ಟನ್ ಇಂಥದ್ದೇ ಯಂತ್ರದ ಸದ್ದು ಕೇಳಿಯೇ ಅನುಮಾನಪಟ್ಟರು. ವೇಗ ಒಂದೇ ಸಮ ಇರಲಿಲ್ಲ, ಕೈಯಿಂದ ಹ್ಯಾಂಡಲ್ ತಿರುಗಿಸಿದಂತೆ ಏರಿಳಿಯುತ್ತಿತ್ತು. ಹಲಗೆ ಕಿತ್ತರೆ ಒಳಗೆ ಕರುಳಿನ ಹುರಿಯ ಬೆಲ್ಟು, ಅದರ ಜಾಡು ಹಿಡಿದು ಹೋದರೆ ಕೋಣೆಯೊಂದರಲ್ಲಿ ಹ್ಯಾಂಡಲ್ ತಿರುಗಿಸುತ್ತಾ ಕುಳಿತ ಮುದುಕ.

ಹಾಗಾಗಿ ಸವೆತ ನೋಡಿ, ಬಿಸಿ ಮುಟ್ಟಿ ನೋಡಿ, ಸದ್ದು ಕೇಳಿ. ಯಂತ್ರವನ್ನು ನೀವು ಆರಿಸಿದ ಮೇಜಿನ ಮೇಲೆ ಇಡಿಸಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದಾಗ ಕೇಳಿದ್ದೂ ಇದನ್ನೇ, ಪರೀಕ್ಷಿಸುವವರ ಷರತ್ತಿನಲ್ಲಿ ಮಾಡಿ ತೋರಿಸಿ ಎಂದು.

ಹಂತ 7: ಕಾಗದಪತ್ರ

‘ಪೇಟೆಂಟ್ ಇದೆ’ ಅಂದರೆ ಅರ್ಜಿ ಸಂಖ್ಯೆ ಕೇಳಿ. ಅರ್ಜಿ ಹಾಕುವುದು, ಅದು ಪ್ರಕಟವಾಗುವುದು, ಪೇಟೆಂಟ್ ಸಿಗುವುದು ಮೂರೂ ಬೇರೆ. 1970ರ ನಮ್ಮ ಪೇಟೆಂಟ್ ಕಾಯ್ದೆಯ 3(ಎ) ಕಲಮಿನ ಪ್ರಕಾರ, ನೆಲೆಗೊಂಡ ಪ್ರಕೃತಿ ನಿಯಮಗಳಿಗೆ ಸ್ಪಷ್ಟವಾಗಿ ವಿರುದ್ಧವಾದದ್ದಕ್ಕೆ ಪೇಟೆಂಟ್ ಕೊಡುವಂತಿಲ್ಲ. ಹಾಗಂತ ಪೇಟೆಂಟ್ ಸಿಕ್ಕಿದರೆ ಯಂತ್ರ ಕೆಲಸ ಮಾಡುತ್ತದೆ ಅಂತಲೂ ಅಲ್ಲ. ನೀರಿನಿಂದ ಕಾರು ಓಡಿಸುತ್ತೇನೆ ಎಂದ ಸ್ಟ್ಯಾನ್ಲಿ ಮೇಯರ್ ಹತ್ತಿರ ಅಮೆರಿಕದ ಪೇಟೆಂಟುಗಳಿದ್ದವು. 1996ರಲ್ಲಿ ಓಹಾಯೊ ನ್ಯಾಯಾಲಯದಲ್ಲಿ ತಜ್ಞರು ನೋಡಿದಾಗ ಅದು ಸಾಮಾನ್ಯ ವಿದ್ಯುದ್ವಿಭಜನೆ, ಅಂದರೆ ಕರೆಂಟ್ ಹಾಯಿಸಿ ನೀರು ಒಡೆಯುವುದು. ಇಬ್ಬರು ಹೂಡಿಕೆದಾರರಿಗೆ 25,000 ಡಾಲರ್ ವಾಪಸ್ ಕೊಡುವಂತೆ ನ್ಯಾಯಾಲಯ ಹೇಳಿತು.

ಸಚಿವರ ಜೊತೆಗಿನ ಫೋಟೊ, ಸನ್ಮಾನದ ಶಾಲು, ಪತ್ರಿಕೆಯ ತುಣುಕು ಇವನ್ನೆಲ್ಲ ಪಕ್ಕಕ್ಕಿಡಿ.

ಹಂತ 8: ‘ವಿಜ್ಞಾನಿಗಳು ತುಳಿಯುತ್ತಿದ್ದಾರೆ’ ಅನ್ನುವ ಮಾತಿಗೆ ಉತ್ತರ

ಈ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಸ್ವಲ್ಪ ನಿಜ ಇದೆ. ಡ್ಯಾನ್ ಶೆಕ್ಟ್‌ಮನ್ 1982ರಲ್ಲಿ ಕಂಡ ವಿಚಿತ್ರ ಹರಳುಗಳನ್ನು ದೊಡ್ಡ ದೊಡ್ಡವರೇ ಹಂಗಿಸಿದರು. 2011ರಲ್ಲಿ ಅವರಿಗೆ ನೊಬೆಲ್ ಬಂತು. ಆದರೆ ಅವರನ್ನು ಗೆಲ್ಲಿಸಿದ್ದು ಬೇರೆಯವರ ಲ್ಯಾಬುಗಳಲ್ಲೂ ಅವೇ ಹರಳು ಕಂಡದ್ದು.

ಶೀತಲ ಸಮ್ಮಿಳನದ (ಸಾಮಾನ್ಯ ಉಷ್ಣತೆಯಲ್ಲೇ ಪರಮಾಣು ಬೀಜಗಳನ್ನು ಬೆಸೆದು ಶಕ್ತಿ ಪಡೆಯುವುದು) ಕಥೆ ತದ್ವಿರುದ್ಧ. 1989ರ ಮಾರ್ಚ್ 23ರಂದು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಫ್ಲೈಶ್‌ಮನ್ ಮತ್ತು ಪಾನ್ಸ್ ಪತ್ರಿಕಾಗೋಷ್ಠಿ ಕರೆದು, ಗಾಜಿನ ಪಾತ್ರೆಯಲ್ಲೇ ಪರಮಾಣು ಸಮ್ಮಿಳನ ಆಯಿತು ಎಂದರು. ಜಗತ್ತು ಬಾಗಿಲು ಮುಚ್ಚಲಿಲ್ಲ. ಎಲ್ಲೆಡೆ ಲ್ಯಾಬುಗಳು ರಾತ್ರೋರಾತ್ರಿ ಪ್ರಯೋಗಕ್ಕೆ ಕೂತವು, ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರ (ಬಾರ್ಕ್) ಕೂಡ ಕೈಹಾಕಿ, ಸಮ್ಮಿಳನದ ಗುರುತುಗಳಾದ ಟ್ರಿಟಿಯಂ, ನ್ಯೂಟ್ರಾನ್ ಕಂಡಿವೆ ಎಂದಿತು. ತೊಡಕು ಇದ್ದದ್ದು ಲೆಕ್ಕದಲ್ಲಿ. ಗೊತ್ತಿರುವ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಸಮ್ಮಿಳನದಿಂದ ಒಂದೇ ಒಂದು ವ್ಯಾಟ್ ಶಾಖ ಬರಬೇಕಾದರೆ ಸೆಕೆಂಡಿಗೆ ಸುಮಾರು ಒಂದು ಲಕ್ಷ ಕೋಟಿ ನ್ಯೂಟ್ರಾನ್ ಹೊರಬರಬೇಕು. ಪಕ್ಕದಲ್ಲಿ ನಿಂತವರು ಬದುಕುವುದು ಕಷ್ಟ. ಅಷ್ಟು ನ್ಯೂಟ್ರಾನ್ ಯಾರಿಗೂ ಕಾಣಲಿಲ್ಲ. ಗೂಗಲ್ ಹಣ ಕೊಟ್ಟು ಸುಮಾರು 30 ವಿಜ್ಞಾನಿಗಳಿಂದ ಮತ್ತೆ ಹುಡುಕಿಸಿತು. 2019ರಲ್ಲಿ ಬಂದ ಉತ್ತರ: ಸಾಕ್ಷಿ ಇಲ್ಲ. ಮೂವತ್ತು ವರ್ಷ ಆದ ಮೇಲೂ ಇನ್ನೊಂದು ಅವಕಾಶ ಕೊಟ್ಟದ್ದನ್ನು ತುಳಿಯುವುದು ಅನ್ನಲು ಆಗುತ್ತದಾ?

ದೊಡ್ಡ ಸಂಸ್ಥೆಯ ಹೆಸರಿದ್ದರೂ ಪ್ರಶ್ನೆ ತಪ್ಪುವುದಿಲ್ಲ. 2018ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇಬ್ಬರು, ಬೆಳ್ಳಿ-ಚಿನ್ನದ ನ್ಯಾನೊ ವಸ್ತುವಿನಲ್ಲಿ ಮೈನಸ್ 37 ಡಿಗ್ರಿಯಲ್ಲೇ ಅತಿವಾಹಕತೆ (ಒಂಚೂರೂ ತಡೆ ಇಲ್ಲದೆ ಕರೆಂಟ್ ಹರಿಯುವುದು, ಸಾಮಾನ್ಯವಾಗಿ ಇದಕ್ಕೆ ಇನ್ನೂ ಎಷ್ಟೋ ಹೆಚ್ಚು ಚಳಿ ಬೇಕು) ಕಂಡಿದೆ ಎಂದು ಪ್ರಕಟಿಸಿದರು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಬ್ರಯನ್ ಸ್ಕಿನ್ನರ್ ಗ್ರಾಫ್ ದಿಟ್ಟಿಸಿ ನೋಡಿದರು. ಎರಡು ಬೇರೆ ಅಳತೆಗಳಲ್ಲಿ ಗೆರೆಯ ಸಣ್ಣಪುಟ್ಟ ಅಡ್ಡಾದಿಡ್ಡಿ ಏರಿಳಿತ ಒಂದೇ ಥರ ಇತ್ತು. ಅಂಥ ಏರಿಳಿತ ಪ್ರತಿ ಸಲವೂ ಬೇರೆ ಇರಬೇಕಲ್ವಾ? ಮರುವರ್ಷ ಆ ತಂಡ ಇನ್ನಷ್ಟು ಜನರನ್ನು ಸೇರಿಸಿಕೊಂಡು ಹೆಚ್ಚಿನ ದತ್ತಾಂಶದೊಂದಿಗೆ ಮತ್ತೆ ಬರೆಯಿತು. ನೀವೂ ಗ್ರಾಫ್ ನೋಡುವಾಗ ಗೆರೆಗಿಂತ ಗೆರೆಯ ನಡುಕವನ್ನು ನೋಡುವ ಅಭ್ಯಾಸ ಮಾಡಿಕೊಳ್ಳಿ.

ಹಂತ 9: ದುಡ್ಡಿನ ಮಾತು ಬಂದರೆ

ಪರೀಕ್ಷೆಗೆ ಮೊದಲು ಒಂದು ರೂಪಾಯಿಯೂ ಬೇಡ. ‘ಡೀಲರ್‌ಶಿಪ್ ಈಗಲೇ ಬುಕ್ ಮಾಡಿ’, ‘ರಹಸ್ಯ ಹೊರಗೆ ಹೋಗುತ್ತೆ, ಅದಕ್ಕೇ ಬಿಚ್ಚಿ ತೋರಿಸಲ್ಲ’ ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ. ಒಳಗೆ ಏನಿದೆ ಎಂದು ತೋರಿಸದೆಯೂ ಒಳಗೆ-ಹೊರಗೆ ಅಳೆಯಬಹುದು, ರಹಸ್ಯ ಅಡ್ಡಿ ಆಗುವುದಿಲ್ಲ. ಆನ್‌ಲೈನ್‌ನಲ್ಲಿ ಹಣ ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಯಂತ್ರ ಕಟ್ಟಿದವರು ನಿಮ್ಮ ಮನೆಯ ಹುಡುಗನೇ ಆಗಿದ್ದರೆ ಮೊದಲು ಗಾಲಿಯ ಲೆಕ್ಕವನ್ನು ಜೊತೆಗೆ ಕೂತು ಮಾಡಿ. ನಷ್ಟ ಎಲ್ಲೆಲ್ಲಿ ಆಗುತ್ತಿದೆ ಎಂದು ಅವನಿಂದಲೇ ಅಳೆಸಿ. ಬೇರಿಂಗ್, ವೈಂಡಿಂಗ್, ಡೈನಮೊ ಸುಧಾರಿಸಿ, ಹಾಕಿದ ಶಕ್ತಿಯಲ್ಲಿ ವಾಪಸ್ ಸಿಗುವ ಪಾಲನ್ನು 60 ಶೇಕಡಾದಿಂದ 75ಕ್ಕೆ ಏರಿಸಿದರೆ ಅದು ಕೆಲಸಕ್ಕೆ ಬರುವ ಸಾಧನೆ.

ಹಂತ 10: ಎಲ್ಲ ಪರೀಕ್ಷೆಯನ್ನೂ ದಾಟಿದರೆ?

ಆಗಲೂ ಕುಣಿಯುವ ಹೊತ್ತು ಬಂದಿಲ್ಲ. 2011ರಲ್ಲಿ ಭೌತವಿಜ್ಞಾನಿಗಳ ಒಪೆರಾ ತಂಡಕ್ಕೆ, ಜಿನೀವಾದಿಂದ ಇಟಲಿಗೆ 730 ಕಿಲೋಮೀಟರ್ ಬಂದ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಬೆಳಕಿಗಿಂತ 60 ನ್ಯಾನೊಸೆಕೆಂಡ್ ಮುಂಚೆ ತಲುಪಿದಂತೆ ಕಂಡಿತು. ಐನ್‌ಸ್ಟೈನ್ ತಪ್ಪು ಎಂದು ಅವರು ಕೂಗಲಿಲ್ಲ. ನಮ್ಮ ತಪ್ಪು ಹುಡುಕಿಕೊಡಿ ಎಂದು ಎಲ್ಲವನ್ನೂ ಹೊರಗಿಟ್ಟರು. ಕೆಲವೇ ತಿಂಗಳಲ್ಲಿ ಸಿಕ್ಕಿತು, ಸರಿಯಾಗಿ ಕೂರದ ಒಂದು ಆಪ್ಟಿಕಲ್ ಫೈಬರ್ ಕೇಬಲ್. 1986ರಲ್ಲಿ ಜ್ಯೂರಿಚ್‌ನ ಐಬಿಎಂ ಲ್ಯಾಬಿನ ಬೆಡ್ನೋರ್ಟ್ಸ್ ಮತ್ತು ಮ್ಯೂಲರ್ ಯಾರೂ ನಿರೀಕ್ಷಿಸದ ಅತಿವಾಹಕ ಕಂಡುಹಿಡಿದಾಗಲೂ ಎಲ್ಲರಿಗೂ ಅನುಮಾನವಿತ್ತು. ಬೇರೆ ಲ್ಯಾಬುಗಳು ಪುಡಿ ಬೆರೆಸಿ ಸುಟ್ಟು ನೋಡಿದವು, ಅದೇ ಫಲ ಬಂತು. ಮರುವರ್ಷವೇ ನೊಬೆಲ್.

ನೀವೂ ಹಾಗೇ ಮಾಡಿ. ಯಂತ್ರವನ್ನು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ, ಅಂದರೆ ಸಿಪಿಆರ್‌ಐನಂಥ ಕಡೆ ಅಥವಾ ಎನ್‌ಎಬಿಎಲ್ (ಪರೀಕ್ಷಾ ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನಲ್ಲಿ ಅಳೆಸಿ. ಪರೀಕ್ಷೆಯ ಪೂರ್ತಿ ಅವಧಿ ಪೆಟ್ಟಿಗೆಗೆ ಸೀಲ್ ಇರಲಿ, ಕಟ್ಟಿದವರು ಹತ್ತಿರ ಸುಳಿಯದಿರಲಿ. ಆಮೇಲೆ ಡ್ರಾಯಿಂಗ್ ಮಾತ್ರ ಕೊಟ್ಟು, ಇನ್ನೊಂದು ಊರಿನಲ್ಲಿ, ಪರಿಚಯವೇ ಇಲ್ಲದ ಫಿಟರ್ ಒಬ್ಬರ ಕೈಯಲ್ಲಿ ಎರಡನೇ ಯಂತ್ರ ಕಟ್ಟಿಸಿ. ಅಲ್ಲೂ ಅದೇ ಅಂಕಿ ಬಂದರೆ ಪತ್ರಿಕೆಯವರನ್ನು ಕರೆಯಿರಿ.